ಹಾಲ್ವರ್ ಹಿಮ ಓದಿದ ವಾರ

ನಮ್ಮ ವಿಂಡಾಲಿನಲ್ಲಿ ಬೆಟ್ಟ ಹತ್ತಿದವನನ್ನು ಯಾರೂ ಹೊಗಳುವುದಿಲ್ಲ. ಹತ್ತುವುದು ಇಲ್ಲಿ ಎಲ್ಲರಿಗೂ ಬರುತ್ತದೆ. ಮಕ್ಕಳು ನೆಟ್ಟಗೆ ನಡೆಯಲು ಕಲಿಯುವ ಮೊದಲೇ ಸ್ಕೀ ಹಲಗೆಗಳ ಮೇಲೆ ನಿಂತು ಅಳಲು ಕಲಿತಿರುತ್ತವೆ. ನಮ್ಮಲ್ಲಿ ಮರ್ಯಾದೆ ಇರುವುದು ಅರ್ಧ ದಾರಿಯಲ್ಲಿ ತಿರುಗಿ ಬಂದವನಿಗೆ. ರಕ್ಷಣಾ ದಳದ ಗುಡಿಸಲಿನ ಗೋಡೆಗೆ ಬೆಟ್ಟದ ನಿಯಮಗಳನ್ನು ಬರೆದ ಹಲಗೆಯೊಂದಿದೆ. ಉಳಿದ ನಿಯಮಗಳ ಬಣ್ಣ ಮಾಸಿ ಓದಲು ಬಾರದಂತಾಗಿದ್ದರೂ, ಹೊತ್ತಿಗೆ ಸರಿಯಾಗಿ ತಿರುಗುವುದರ ಬಗ್ಗೆ ಇರುವ ನಿಯಮಕ್ಕೆ ಮಾತ್ರ ವರ್ಷವರ್ಷವೂ ಹೊಸ ಬಣ್ಣ ಬೀಳುತ್ತದೆ. ಈಸ್ಟರ್ ರಜೆಯಲ್ಲಿ ಹಟ ಹಿಡಿದು ಮುಂದೆ ಹೋದವರನ್ನು ಜಾರುಬಂಡಿಗೆ ಕಟ್ಟಿ ಕೆಳಗೆ ತರುತ್ತಾರೆ, ಆಮೇಲೆ ಪತ್ರಿಕೆಯಲ್ಲಿ ಬೈಯುತ್ತಾರೆ. ತಿರುಗಿ ಬಂದವರಿಗೆ ಕಾಫಿ ಕೊಡುತ್ತಾರೆ. ತಿರುಗಿದ್ದು ಬುದ್ಧಿಯಿಂದಲೋ, ಕಾಲ್ಬೆರಳು ನೋಯುತ್ತಿತ್ತೆಂದೋ ಎಂದು ಯಾರೂ ಕೇಳುವುದಿಲ್ಲ. ಹಾಗೆ ಕೇಳುವುದು ಅಸಭ್ಯತೆ.

ಇಂಥ ಊರಿನಲ್ಲಿ ಹಾಲ್ವರ್ ಬಣ್ಣದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಿಳಿ ಬಣ್ಣ ಕೇಳಿದವರಿಗೆ ಯಾವ ಬಿಳಿ ಎಂದು ಕೇಳಿ, ಅವರು ಹೇಳಿದ ಮೇಲೆ ಇನ್ನೊಂದು ಬಿಳಿ ಕೊಡುವ ಮನುಷ್ಯ. ಇಬ್ಬರು ಜಗಳವಾಡಿದರೆ ಇಬ್ಬರಿಗೂ ಹೌದೆಂದು ತಲೆಯಾಡಿಸಿ ಇಬ್ಬರ ಕೈಯಲ್ಲೂ ಬೈಸಿಕೊಳ್ಳುವವನು. ನನ್ನ ಬೇಲಿಯ ಆಚೆಗೇ ಅವನ ಮನೆ. ನಾನು ಚರ್ಚಿನ ಗಂಟೆ ಹೊಡೆಯುವವನು. ನನ್ನ ಕೆಲಸದಲ್ಲಿ ಮಾತು ಕಡಿಮೆ, ಕೇಳಿಸಿಕೊಳ್ಳುವುದು ಹೆಚ್ಚು.

ಹಾಲ್ವರನಿಗೆ ಆಸ್ಲಾಕ್ ಎಂಬ ಅಣ್ಣನಿದ್ದ. ಸ್ಕಾರ್ವ್ ಬೆಟ್ಟದ ಮೇಲಿನ ಬಯಲಿನಲ್ಲಿ ಅಪ್ಪ ಕಟ್ಟಿದ ಮರದ ಮನೆ ಇಬ್ಬರದೂ ಆಗಿತ್ತು. ಬೆಟ್ಟದ ಮನೆಗಳಿಗೆ ನಮ್ಮಲ್ಲಿ ಒಂದೇ ಕಟ್ಟಳೆ: ಬೀಗ ಹಾಕಿ ಹೊರಡುವವನು ಸೌದೆ ಪೆಟ್ಟಿಗೆ ತುಂಬಿಸಿ, ಒಲೆಯೊಳಗೆ ಚಕ್ಕೆ ಜೋಡಿಸಿಟ್ಟು ಹೋಗಬೇಕು. ಮುಂದೆ ಬರುವವನ ಕೈ ಮರಗಟ್ಟಿದ್ದರೂ ಒಂದು ಕಡ್ಡಿ ಗೀರಿದರೆ ಬೆಂಕಿ ಹತ್ತಬೇಕು. ಹಿಂದೊಂದು ಈಸ್ಟರಿನಲ್ಲಿ ಹಾಲ್ವರ್ ಇದನ್ನು ಮರೆತ. ಹೊರಡುವ ಗಡಿಬಿಡಿಯಲ್ಲಿ ಕೈಗವಸು ಹುಡುಕುತ್ತಿದ್ದನಂತೆ. ಅವು ಅವನ ಕೈಯಲ್ಲೇ ಇದ್ದವು. ಮಾರನೆಯ ದಿನ ಬಿರುಗಾಳಿಯಲ್ಲಿ ಅಲ್ಲಿಗೆ ತಲುಪಿದ ಆಸ್ಲಾಕ್‌ಗೆ ಸಿಕ್ಕಿದ್ದು ಖಾಲಿ ಪೆಟ್ಟಿಗೆ. ಅವನು ಅಮ್ಮನ ಕುರ್ಚಿಯನ್ನು ಮುರಿದು ಒಲೆಗೆ ಹಾಕಿ ಜೀವ ಉಳಿಸಿಕೊಂಡ. ಕೆಳಗಿಳಿದು ಬಂದವನೇ ಗುಡ್ರುನ್‌ಳ ದಿನಸಿ ಅಂಗಡಿಯಲ್ಲಿ, ನಾಲ್ಕು ಜನರ ಮುಂದೆ ತಮ್ಮನನ್ನು ನಿಲ್ಲಿಸಿ ಕೇಳಿದ: "ನೀನು ಮನುಷ್ಯನೇನೋ?"

ಹಾಲ್ವರ್ ಕ್ಷಮೆ ಕೇಳಬೇಕೆಂದೇ ಬಾಯಿ ತೆರೆದ. ಆದರೆ ನಾಲ್ಕು ಜನ ನೋಡುತ್ತಿದ್ದರು. ಬಾಯಿಗೆ ಬಂದದ್ದು ಇದು: "ಆ ಕುರ್ಚಿ ಹೇಗೂ ಅಲ್ಲಾಡ್ತಿತ್ತು."

ಅಲ್ಲಿಂದ ಮುಂದೆ ಇಬ್ಬರಿಗೂ ಮಾತಿಲ್ಲ. ವರ್ಷಗಳೇ ಕಳೆದವು.

ಈ ಸಲ ಚಳಿಗಾಲದಲ್ಲಿ ಆಸ್ಲಾಕನ ಹೃದಯ ಕೆಟ್ಟಿತು. ಈಸ್ಟರ್ ಮುಗಿಯುತ್ತಲೇ ಪಟ್ಟಣದ ಆಸ್ಪತ್ರೆಯಲ್ಲಿ ಎದೆ ತೆರೆಯುವುದೆಂದು ನಿಶ್ಚಯವಾಗಿತ್ತು. ಡಾಕ್ಟರು ಭರವಸೆಯನ್ನು ಅಳೆದು, ಸ್ವಲ್ಪವೇ ಕೊಟ್ಟಿದ್ದರು. ರಜೆ ಶುರುವಾಗುವ ಮೊದಲು ಅವನು ಚರ್ಚಿಗೆ ಬಂದು, ನಾನು ಮೇಣದಬತ್ತಿ ಬದಲಿಸುವುದನ್ನೇ ನೋಡುತ್ತಾ ನಿಂತ.

"ಈಸ್ಟರಿಗೆ ಬೆಟ್ಟದ ಮನೇಲಿರ್ತೀನಿ. ರಕ್ಷಣಾ ದಳದವರು ಹಿಮದ ಬೈಕಲ್ಲಿ ಬಿಟ್ಟು ಬರ್ತಾರೆ. ಅವನಿಗೆ ಹೇಳು."

"ಏನಂತ?"

"ಬಂದ್ರೆ ಬರಲಿ ಅಂತ. ನಾನು ಕರೆದೆ ಅನ್ನಬೇಡ."

ನಾನು ಬೇಲಿಯ ಬಳಿ ಹಾಲ್ವರನಿಗೆ ಎಲ್ಲವನ್ನೂ ಹೇಳಿದೆ, ಕರೆದೆ ಅನ್ನಬೇಡ ಎಂದದ್ದನ್ನೂ ಸೇರಿಸಿ. ಅವನು ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ಕೋಪದಲ್ಲಿದ್ನಾ?"

"ಮುಖ ನೋಡಿದ್ರೆ ಗೊತ್ತಾಗಲಿಲ್ಲ."

"ಆ ಮುಖದಲ್ಲಿ ಯಾವತ್ತು ಗೊತ್ತಾಗಿದೆ ಹೇಳು."

ಅವನ ಹೆಂಡತಿ ಸಿಗ್ನೆ ಒಳಗಿನಿಂದ ಬಂದಳು. "ಗುರುವಾರ ಹೋಗು. ತಪ್ಪಾಯ್ತು ಅನ್ನು. ಕಾಫಿ ಕುಡಿ. ಬಾ. ಇಷ್ಟೇ ತಾನೆ?"

"ಇಷ್ಟೇ," ಎಂದ ಹಾಲ್ವರ್, ತೆರೆಯುವುದು ತನ್ನ ಎದೆಯನ್ನೇ ಎಂಬಂತೆ.

ಗುರುವಾರ ಬಿಸಿಲು ಚೆನ್ನಾಗಿತ್ತು. ಸಿಗ್ನೆ ಚೀಲಕ್ಕೆ ಕಿತ್ತಳೆ, ಚಾಕಲೇಟು, ಕಂದು ಚೀಸ್ ಹಚ್ಚಿದ ರೊಟ್ಟಿ ತುಂಬಿದಳು. ಹಾಲ್ವರ್ ಸ್ಕೀ ತಳಕ್ಕೆ ಜಾರದಂತೆ ತುಪ್ಪಟದ ಪಟ್ಟಿ ಅಂಟಿಸಿಕೊಂಡು, ಉಸಿರು ಬಿಡುತ್ತಾ ಹತ್ತಿದ. ಇಳಿಜಾರೆಲ್ಲ ದಾಟಿ ಮೇಲಿನ ಬಯಲನ್ನೂ ಮುಟ್ಟಿದ. ಮನೆಯ ಕೊಳವೆಯಲ್ಲಿ ಹೊಗೆ ಬರುತ್ತಿತ್ತು. ಕಿಟಕಿಯೊಳಗೆ ಅಣ್ಣ ಅತ್ತಿಂದಿತ್ತ ಓಡಾಡುವುದು ಕಂಡಿತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತು ಅಲ್ಲಿ ಅವನಿಗೆ ಮರೆತುಹೋಯಿತು. ಹಾಗೇ ತಿರುಗಿದ. ಇದಿಷ್ಟೂ ಸಿಗ್ನೆ ಆಮೇಲೆ ಬೇಲಿಯ ಬಳಿ ನನಗೆ ಹೇಳಿದ್ದು. ಊರಿಗೆ ಸಿಕ್ಕಿದ್ದು ಬೇರೆ ಕಥೆ.

ಇಳಿದು ಬರುವಾಗ ರಕ್ಷಣಾ ದಳದ ಗುಡಿಸಲು ತಪ್ಪಿಸಲು ದಾರಿಯಿಲ್ಲ. ದಳದ ಮುಖ್ಯಸ್ಥೆ ರಾಗ್ನಿ, ಕೆಂಪು ಅಂಗಿ ತೊಟ್ಟ ತನ್ನವರೊಂದಿಗೆ ಹೊರಗೆ ಬಿಸಿಲು ಕಾಯಿಸುತ್ತಿದ್ದಳು.

"ಏನು ಹಾಲ್ವರ್, ಇಷ್ಟು ಬೇಗ? ಅಣ್ಣ ಹೇಗಿದಾರೆ?"

"ಅಲ್ಲೀತನಕ ಹೋಗಲಿಲ್ಲ."

"ಯಾಕೆ?"

ಇದಕ್ಕೆ ನಿಜವಾದ ಉತ್ತರ ಅವನ ಬಳಿ ಇತ್ತು. ಆದರೆ ಅಣ್ಣನಿಗೆ ಹೆದರಿ ಬಂದೆ ಎಂದು ನರೆಗೂದಲ ಮನುಷ್ಯನೊಬ್ಬ ಅಷ್ಟು ಕೆಂಪು ಅಂಗಿಗಳ ಮುಂದೆ ಹೇಳುವುದಾದರೂ ಹೇಗೆ? ಹಾಲ್ವರ್ ಹಿಂದಕ್ಕೆ ತಿರುಗಿ ಬೆಟ್ಟವನ್ನು ನೋಡಿದ. ಬೆಟ್ಟ ಸಹಾಯಕ್ಕೆ ಬಂತು.

"ಹಿಮ ಸರಿ ಕಾಣಲಿಲ್ಲ," ಎಂದ.

ರಾಗ್ನಿ ತಲೆಯಾಡಿಸಿ ಕಾಫಿ ಬಗ್ಗಿಸಿಕೊಟ್ಟಳು. ಅವನು ಬಟ್ಟಲು ತುಟಿಗಿಟ್ಟಿದ್ದನೋ ಇಲ್ಲವೋ, ಬೆಟ್ಟದ ಮಗ್ಗುಲಿನ ಕಮರಿಯಲ್ಲಿ ಗುಡುಗಿದಂತಾಗಿ, ಹಿಮದ ದೊಡ್ಡ ಹಾಸೊಂದು ಕಿತ್ತುಕೊಂಡು ಕೆಳಗೆ ಬಂತು. ಅಲ್ಲಿ ಯಾರೂ ಇರಲಿಲ್ಲ. ಆ ಕಮರಿಗೂ ಹಾಲ್ವರ್ ಹೋದ ದಾರಿಗೂ ಸಂಬಂಧವಿರಲಿಲ್ಲ. ಹಾಲ್ವರ್ ಬೆಚ್ಚಿಬಿದ್ದು ಕಾಫಿಯನ್ನೆಲ್ಲ ಎದೆಯ ಮೇಲೆ ಚೆಲ್ಲಿಕೊಂಡ. ಸಂಜೆಯ ಹೊತ್ತಿಗೆ ಊರಿನಲ್ಲಿ ಸುದ್ದಿ ಹೀಗಿತ್ತು: ಸದ್ದು ಕೇಳುವ ಮೊದಲೇ ಅವನ ಕೈ ನಡುಗಿತ್ತು.

ಶುಭ ಶುಕ್ರವಾರ ಬೆಳಗ್ಗೆ ಪತ್ರಿಕೆಯಲ್ಲಿ ಹಾಲ್ವರನ ಚಿತ್ರ ಬಂತು, ಎದೆಯ ಮೇಲಿನ ಕಾಫಿ ಕಲೆಯ ಸಮೇತ. ಹಿಮ ಓದುವ ಮನುಷ್ಯ ಎಂದು ಮೇಲೆ ಬರೆದಿತ್ತು. ಅಂದು ಅಂಗಡಿ ತೆರೆಯಬಾರದಾದ್ದರಿಂದ ಗುಡ್ರುನ್ ಹಿಂಬಾಗಿಲಿನಿಂದ ವ್ಯಾಪಾರವನ್ನೂ ಸಿದ್ಧಾಂತವನ್ನೂ ನಡೆಸುತ್ತಿದ್ದಳು.

"ನಮ್ಮ ಹಾಲ್ವರ್‌ಗೆ ಮೊದಲಿಂದ ಬುದ್ಧಿ ಇತ್ತು ಕಣ್ರೀ. ಒಳಗಿತ್ತು. ಇಷ್ಟು ವರ್ಷ ಹೊರಗೆ ಬರಕ್ಕೆ ದಾರಿ ಸಿಕ್ಕಿರಲಿಲ್ಲ."

"ಬಿಳಿ ಕೇಳಿದ್ರೆ ಕೆನೆಬಣ್ಣ ಕೊಡ್ತಾನಲ್ಲ," ಎಂದರೊಬ್ಬರು.

"ಹಿಮದ ಬಿಳಿ ಹೊತ್ತುಹೊತ್ತಿಗೆ ಬೇರೆ ಅಲ್ವಾ? ಅವನ ಕಣ್ಣಿಗೆ ಅದು ಕಾಣತ್ತೆ. ನಮಗೆ ಕಾಣಲ್ಲ. ತಪ್ಪು ನಮ್ಮದು."

ಸಿಗ್ನೆ ಮಾತ್ರ ಗಂಡನ ಚೀಲವನ್ನು ಮತ್ತೆ ತುಂಬಿ ಬಾಗಿಲಲ್ಲಿಟ್ಟಳು. "ಇವತ್ತಾದ್ರೂ ಹೋಗು. ಬಾಗಿಲು ತಟ್ಟಿಬಿಡು. ತಟ್ಟಿದ ಮೇಲೆ ಓಡಿ ಬರಕ್ಕಾಗಲ್ಲ."

ಹಾಲ್ವರ್ ಹೊರಟ. ಈ ಸಲ ಅವನು ನಿಜವಾಗಿ ಗಟ್ಟಿ ಮನಸ್ಸು ಮಾಡಿದ್ದ ಎಂಬುದಕ್ಕೆ ನಾನೇ ಸಾಕ್ಷಿ. ನನ್ನ ಮುಂದೆ ಹಾದು ಹೋಗುವಾಗ ತುಟಿ ಅಲ್ಲಾಡುತ್ತಿತ್ತು, ತಪ್ಪಾಯ್ತು ಅಣ್ಣ, ತಪ್ಪಾಯ್ತು ಅಣ್ಣ ಎಂದು ಜಪದ ಹಾಗೆ. ಗುಡಿಸಲಿನ ಬಳಿ ರಜೆಗೆ ಬಂದವರ ಗುಂಪು, ಹತ್ತುವುದೋ ಬೇಡವೋ ಎಂದು ಬೆಟ್ಟ ನೋಡುತ್ತಾ ಕಿತ್ತಳೆ ಸುಲಿಯುತ್ತಿತ್ತು. ಹಾಲ್ವರ್ ಬಂದದ್ದೇ ತಡ, ಸಿಪ್ಪೆಗಳೆಲ್ಲ ಜೇಬು ಸೇರಿದವು.

"ಇವರು ಹೋದ್ರೆ ನಾವೂ ಹೋಗಬಹುದು," ಎಂದ ರಾಜಧಾನಿಯಿಂದ ಬಂದ ಕನ್ನಡಕದವನು.

"ನಾನು ಸುಮ್ಮನೆ ಅಣ್ಣನ್ನ ನೋಡಕ್ಕೆ ಹೋಗ್ತಿರೋದು," ಎಂದ ಹಾಲ್ವರ್.

ರಾಗ್ನಿ ಗುಂಪಿನ ಕಡೆ ತಿರುಗಿದಳು. "ಕೇಳಿದ್ರಾ? ಹೀಗಿರಬೇಕು. ಒಂದು ಚೂರು ಜಂಬ ಇಲ್ಲ. ಹೋಗಿ ಹಾಲ್ವರ್, ನಾವು ನಿಮ್ಮ ಹಿಂದೇನೇ ಬರ್ತೀವಿ."

"ಬೇಡ."

"ಅಂತರ ಬಿಟ್ಟು ಬರಬೇಕು ಅಂತಿದಾರೆ. ಎಲ್ರೂ ಅಂತರ ಬಿಡಿ."

ಹೀಗೆ ಆ ಮೆರವಣಿಗೆ ಹೊರಟಿತು. ಹಾಲ್ವರ್ ಮೂಗು ಸೀಟಲು ನಿಂತರೆ ಕೆಳಗಿನ ತನಕ ಇಡೀ ಸಾಲೇ ನಿಂತಿತು. ಅವನು ಬಗ್ಗಿ ಪಟ್ಟಿ ಸರಿಮಾಡಿಕೊಂಡರೆ ಕನ್ನಡಕದವನು ಬಗ್ಗಿ ಹಿಮವನ್ನು ಮೂಸಿ ನೋಡಿ, ಹಿಂದಿನವರಿಗೆ ಗಂಭೀರವಾಗಿ ತಲೆಯಾಡಿಸಿದ. ಅಂತೂ ಮೇಲಿನ ಬಯಲು ಬಂತು. ಮನೆಯ ಬಾಗಿಲು ತೆರೆದುಕೊಂಡಿತು. ಆಸ್ಲಾಕ್ ಹೊರಗೆ ಬಂದು ಹೊಸಿಲ ಮೇಲೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.

ಹಾಲ್ವರ್ ಅಣ್ಣನಿಗೆಂದು ಕೈ ಎತ್ತಿದ.

ಹಿಂದಿನಿಂದ ರಾಗ್ನಿಯ ದನಿ ಸೀಳಿಕೊಂಡು ಬಂತು. "ಕೈ ಎತ್ತಿದಾರೆ. ಎಲ್ರೂ ನಿಲ್ಲಿ. ತಿರುಗಿ. ಒಬ್ಬೊಬ್ಬರಾಗಿ ಇಳೀರಿ. ಮಾತಾಡಬೇಡಿ."

"ಅಲ್ಲ, ನಾನು..." ಎಂದ ಹಾಲ್ವರ್.

"ಮೊದಲು ನೀವು ಇಳೀಬೇಕು. ನಿಮಗೇನಾದ್ರೂ ಆದ್ರೆ ನಾಳೆ ನಮಗ್ಯಾರು ಹೇಳ್ತಾರೆ?" ಆಕೆ ಬಲವಾದ ಹೆಂಗಸು, ಅವನ ತೋಳು ಹಿಡಿದಿದ್ದಳು. ಇನ್ನೊಂದು ತೋಳನ್ನು ಕನ್ನಡಕದವನು ಹಿಡಿದಿದ್ದ. ಅಣ್ಣ ಹೊಸಿಲ ಮೇಲೆ ನಿಂತು ನೋಡುತ್ತಿರುವಂತೆಯೇ ತಮ್ಮನನ್ನು ಅತ್ಯಂತ ಗೌರವದಿಂದ ಎಳೆದುಕೊಂಡು ಹೋದರು.

ಶನಿವಾರ ಸಭಾಭವನದಲ್ಲಿ ಹಾಲ್ವರನ ಉಪನ್ಯಾಸ ಏರ್ಪಟ್ಟಿತು. ಬರುವುದಿಲ್ಲ ಎಂದು ಅವನು ಹೇಳಿದ್ದನ್ನು ಬರುತ್ತೇನೆ ಎಂದು ತಿಳಿದುಕೊಂಡರು. ವೇದಿಕೆಯ ಮೇಲೆ ಕುರ್ಚಿ, ನೀರು, ಹಿಂದೆ ಪರದೆಯ ಮೇಲೆ ಕಾಫಿ ಕಲೆಯ ಚಿತ್ರ.

"ಬಿಸಿಲು ಏರಿದ ಮೇಲೆ ಯಾವ ಮಗ್ಗುಲು ಅಪಾಯ?" ಎಂದು ಕೇಳಿದರು.

"ಗೊತ್ತಿಲ್ಲ," ಎಂದ ಹಾಲ್ವರ್.

ಸಭೆಯಲ್ಲಿ ಮೆಚ್ಚುಗೆಯ ಗುಸುಗುಸು ಹಬ್ಬಿತು.

"ಕಾಲಡಿ ಹಿಮ ಟೊಳ್ಳು ಸದ್ದು ಮಾಡಿದ್ರೆ?"

"ನಿಜವಾಗ್ಲೂ ಗೊತ್ತಿಲ್ಲ."

"ನೋಡಿ," ಎಂದು ಕನ್ನಡಕದವನು ಎದ್ದು ನಿಂತ. "ನಮ್ಮ ರಾಜಧಾನೀಲಿ ಯಾರಾದ್ರೂ ಹೀಗೆ ಹೇಳ್ತಾರಾ? ಬೆಟ್ಟದ ಮುಂದೆ ತಲೆಬಾಗೋದು ಅಂದ್ರೆ ಇದು." ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಸಿಗ್ನೆ ಉಣ್ಣೆ ಹೆಣೆಯುತ್ತಿದ್ದಳು. ಕಡ್ಡಿಗಳು ಚಪ್ಪಾಳೆಗಿಂತ ಜೋರಾಗಿ ಸದ್ದು ಮಾಡುತ್ತಿದ್ದವು.

ಮನೆಗೆ ಬರುವ ದಾರಿಯಲ್ಲಿ ನಾನು ಅವರ ಜೊತೆಗಿದ್ದೆ.

"ನಿಜ ಹೇಳಿಬಿಡು," ಎಂದಳು ಸಿಗ್ನೆ.

"ಹೇಳ್ದೆನಲ್ಲ. ಗೊತ್ತಿಲ್ಲ ಅಂತ ಎಷ್ಟು ಸಲ ಹೇಳ್ದೆ. ಹೇಳಿದಷ್ಟೂ ಚಪ್ಪಾಳೆ ಹೊಡೀತಾರೆ."

"ಚಪ್ಪಾಳೆಗೆ ಎದ್ದು ನಿಂತು ತಲೆ ಬಗ್ಗಿಸಿದ್ದು ಯಾರು?"

ಹಾಲ್ವರ್ ಒಂದಷ್ಟು ದೂರ ನಡೆದ ಮೇಲೆ ಅಂದ: "ಒಂದೇ ಸಲ."

ಭಾನುವಾರ ಈಸ್ಟರ್. ಆ ದಿನ ನಮ್ಮ ಪ್ರಾರ್ಥನೆ ಚರ್ಚಿನೊಳಗಲ್ಲ, ಗುಡಿಸಲಿನ ಮೇಲ್ಗಡೆಯ ದಿಬ್ಬದ ಹಿಮದ ಮೇಲೆ. ನಾನು ಬೆಳಗ್ಗೆಯೇ ಹೋಗಿ ಹಿಮ ಕಡಿದು ಬಲಿಪೀಠ ಕಟ್ಟಿ, ಎರಡು ಸ್ಕೀ ಹಲಗೆ ಅಡ್ಡಡ್ಡ ಕಟ್ಟಿ ಶಿಲುಬೆ ನೆಟ್ಟಿದ್ದೆ. ಜನ ಜಿಂಕೆಯ ಚರ್ಮ ಹಾಸಿಕೊಂಡು ಬಿಸಿಲಿಗೆ ಮುಖ ಕೊಟ್ಟು ಕುಳಿತರು. ಕೆಳಗೆ ರಸ್ತೆಯಲ್ಲಿ ರೈಲು ನಿಲ್ದಾಣಕ್ಕೆ ಹೋಗುವ ಬಸ್ಸು, ಪ್ರಾರ್ಥನೆ ಮುಗಿಯಲೆಂದು ಕಾದು ನಿಂತಿತ್ತು.

ಪಾದ್ರಿಯಮ್ಮ ಇಂಗುನ್ ಒಳ್ಳೆಯವರು, ಆದರೆ ಪತ್ರಿಕೆ ಓದುತ್ತಾರೆ. ದೇವರ ಕಡೆಗೆ ತಿರುಗುವುದೂ ಒಂದು ತಿರುಗುವುದೇ ಎಂದು ಶುರುಮಾಡಿದವರು, ಸಮಾಧಿಯ ಕಲ್ಲು ಉರುಳಿದ ಮಾತಿನಿಂದ ಹಿಮ ಉರುಳಿದ ಮಾತಿಗೆ ಬಂದು, ಹಾಲ್ವರನ ಬಳಿ ನಿಂತರು. ಅವನು ಮೊದಲ ಸಾಲಿನಲ್ಲಿ, ಕೆಂಪು ಅಂಗಿಗಳ ನಡುವೆ ಇದ್ದ. ಅಷ್ಟರಲ್ಲಿ ಮೇಲಿನಿಂದ ಒಬ್ಬ ಮನುಷ್ಯ ಸ್ಕೀ ಮೇಲೆ ತೀರ ನಿಧಾನವಾಗಿ, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾ ಇಳಿದು ಬಂದ. ಬೆನ್ನಿಗೆ ಚೀಲ. ಆಸ್ಲಾಕ್. ಬಸ್ಸು ಹಿಡಿಯಲು ಬಂದಿದ್ದ; ಅಂದು ಸಂಜೆಯೇ ಬಂದು ಸೇರಬೇಕೆಂದು ಆಸ್ಪತ್ರೆಯವರು ಹೇಳಿದ್ದರು.

"ಅಣ್ಣನೇ ಬಂದರು," ಎಂದರು ಪಾದ್ರಿಯಮ್ಮ, ಸಂತೋಷದಿಂದ. "ತಮ್ಮನ ಬಗ್ಗೆ ಎರಡು ಮಾತು ಹೇಳಿ ಆಸ್ಲಾಕ್."

ಆಸ್ಲಾಕ್ ಕೋಲುಗಳ ಮೇಲೆ ಭಾರ ಬಿಟ್ಟು ನಿಂತ. "ಗುರುವಾರ ಬಂದಿದ್ದ. ಕಿಟಕೀಲಿ ನೋಡ್ದೆ. ಕಾಫಿಗೆ ನೀರಿಟ್ಟೆ. ಅವನು ನಿಂತಿದ್ದ ಜಾಗ ತಟ್ಟೆ ಇದ್ದ ಹಾಗಿದೆ. ಅಲ್ಲಿಂದ ಮನೆ ಬಾಗಿಲ ತನಕ ಒಂದು ಚೆಂಡು ಇಟ್ರೂ ಉರುಳಲ್ಲ. ಹಿಮ ಎಲ್ಲಿಂದ ಬೀಳಬೇಕಿತ್ತು?"

ನನ್ನ ಎದೆಯಲ್ಲಿ ಏನೋ ಹಗುರಾಯಿತು. ಈಗಲಾದರೂ ಈ ಗೋಜಲು ಬಿಡುತ್ತದೆ ಎಂದುಕೊಂಡೆ. ಆದರೆ ಒಂದು ಊರು ಮೆಚ್ಚಿದ್ದನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

"ತಟ್ಟೆ ಹಾಗಿರೋ ಜಾಗಾನೂ ನಂಬಕ್ಕಾಗಲ್ಲ," ಎಂದಳು ರಾಗ್ನಿ.

"ಅಲ್ವಾ ಮತ್ತೆ," ಎಂದಳು ಗುಡ್ರುನ್. "ತಟ್ಟೇನೇ ಜಾಸ್ತಿ ಮೋಸ."

"ಹಾಲ್ವರ್," ಎಂದರು ಪಾದ್ರಿಯಮ್ಮ ಮೃದುವಾಗಿ, "ನೀವೇ ಹೇಳಿಬಿಡಿ."

ಹಾಲ್ವರ್ ಎದ್ದು ನಿಂತ. ಅಣ್ಣ ನೋಡುತ್ತಿದ್ದ. ಸಿಗ್ನೆ ನೋಡುತ್ತಿದ್ದಳು. ಊರು, ರಾಜಧಾನಿ, ಪತ್ರಿಕೆಯವನ ಕ್ಯಾಮೆರಾ ಎಲ್ಲವೂ ನೋಡುತ್ತಿದ್ದವು. ತಪ್ಪಾಯ್ತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ, ಒಳ್ಳೆಯ ದಿನ ಯಾರಿಗೂ ಸಿಗಲಾರದು.

"ಅಣ್ಣನಿಗೆ ಹಿಮದ ವಿಷಯ ಅಷ್ಟು ಗೊತ್ತಿಲ್ಲ," ಎಂದ ಹಾಲ್ವರ್.

ಜನರೆಲ್ಲ ನಿರಾಳವಾಗಿ ಉಸಿರುಬಿಟ್ಟರು. ಆಸ್ಲಾಕ್ ತಲೆಯಾಡಿಸಿದ, ಅಪರಿಚಿತರು ದಾರಿ ಹೇಳಿದಾಗ ಆಡಿಸುವ ಹಾಗೆ. ಸ್ಕೀ ತಿರುಗಿಸಿಕೊಂಡು ಬಸ್ಸಿನ ಕಡೆ ಇಳಿಯತೊಡಗಿದ. ಸಿಗ್ನೆ ಹೆಣಿಗೆ ಸುತ್ತಿ ಜೇಬಿಗಿಟ್ಟು, ಗಂಡನ ಕಡೆ ನೋಡದೆ, ಭಾವನ ಬೆನ್ನ ಚೀಲ ಬಿಡಿಸಿ ತಾನು ಹೊತ್ತುಕೊಂಡು ಅವನ ಜೊತೆಗೇ ಹೋದಳು.

ಪ್ರಾರ್ಥನೆ ಮುಂದುವರಿಯಿತು. ನಾವು ಹಾಡಲು ನಿಂತೆವು. ಮೂರನೆಯ ಚರಣ ಮುಗಿಯುವ ಮೊದಲೇ ಹಾಲ್ವರ್ ಸಾಲಿನಿಂದ ಹೊರಗೆ ನುಗ್ಗಿದ. ಸ್ಕೀ ಸಿಕ್ಕಿಸಿಕೊಂಡ. ಕೋಲು ಮರೆತ. ಬಸ್ಸಿನ ಕಡೆಗೆ ನೇರವಾಗಿ, ಅವನ ಜೀವಮಾನದಲ್ಲಿ ಎಂದೂ ಹೋಗದಷ್ಟು ವೇಗವಾಗಿ ಇಳಿದ. ಅವನ ಬಾಯಿ ತೆರೆದಿತ್ತು. ಅಣ್ಣಾ ಎಂದು ಕೂಗುತ್ತಿದ್ದ. ನಾನು ಹತ್ತಿರವಿದ್ದೆ, ನನಗೆ ಕೇಳಿಸಿತು. ಉಳಿದವರಿಗೆ ಹಾಡಿನ ಸದ್ದಿನಲ್ಲಿ ಕಂಡದ್ದು ಒಂದೇ: ಹಿಮ ಓದುವ ಮನುಷ್ಯ ಕೂಗುತ್ತಾ ಓಡುತ್ತಿದ್ದಾನೆ.

ರಾಗ್ನಿ ಮೇಲಿನ ಬೆಟ್ಟ ನೋಡಿದಳು. "ಇಳೀರಿ. ಎಲ್ರೂ ಈಗಲೇ ಇಳೀರಿ."

ಹಾಡು ನಿಂತಿತು. ಊರಿಗೆ ಊರೇ ಎದ್ದು ಹಾಲ್ವರನ ಹಿಂದೆ ಹರಿಯಿತು. ಜಿಂಕೆಯ ಚರ್ಮಗಳು, ಫ್ಲಾಸ್ಕುಗಳು, ನಿಲುವಂಗಿ ಎತ್ತಿ ಹಿಡಿದ ಪಾದ್ರಿಯಮ್ಮ, ಎರಡೂ ಕಾಲು ಒಂದೇ ಹಲಗೆಯ ಮೇಲಿಟ್ಟ ಗುಡ್ರುನ್. ರಾಗ್ನಿ ಕೈಯಲ್ಲಿನ ವಾಕಿಟಾಕಿಯಲ್ಲಿ ರಸ್ತೆಯ ಬಳಿಯಿದ್ದ ತನ್ನವರಿಗೆ ಹೇಳುತ್ತಿದ್ದಳು: "ಬಸ್ ಮೊದಲು ಕಳಿಸಿ. ಒಳಗೆ ಕೂತಿರೋರನ್ನ ಹಾಗೇ ಕರ್ಕೊಂಡು ಹೊರಡಕ್ಕೆ ಹೇಳಿ. ಕಾಯಬೇಡಿ. ಯಾರಿಗೂ ಕಾಯಬೇಡಿ."

ಪ್ರಾರ್ಥನೆ ಮುಗಿಯುವ ತನಕ ನಿಲ್ಲಬೇಕಾಗಿದ್ದ ಬಸ್ಸು, ಕೆಂಪು ಅಂಗಿಯವನೊಬ್ಬ ಅದರ ಮೈಗೆ ಬಡಿದು ಅವಸರಿಸಿದ್ದೇ, ಹೊಗೆಯುಗುಳಿ ಹೊರಟುಬಿಟ್ಟಿತು. ಹಾಲ್ವರ್ ರಸ್ತೆ ಮುಟ್ಟಿದಾಗ ಅದು ತಿರುವಿನಲ್ಲಿತ್ತು. ಅವನು ಸ್ಕೀ ಸಮೇತ ಡಾಂಬರಿನ ಮೇಲೆ ನಾಲ್ಕು ಹೆಜ್ಜೆ ಓಡಿ ಮಗುಚಿ ಬಿದ್ದ.

"ಬಸ್ ಹೋಯ್ತು, ಅವರೆಲ್ಲ ಬಚಾವ್," ಎಂದು ರಾಗ್ನಿ ಅವನನ್ನು ಎತ್ತಿ ಕೂರಿಸಿ ಬೆನ್ನು ತಟ್ಟಿದಳು. "ನಿಮ್ಮಿಂದ."

ಬೆಟ್ಟ ಅಂದು ಇಡೀ ದಿನ ಕದಲಲಿಲ್ಲ. ಅದರಿಂದ ಯಾರ ನಂಬಿಕೆಯೂ ಕದಲಲಿಲ್ಲ. ದಿಬ್ಬಕ್ಕೆ ಮತ್ತೆ ಕಾಲಿಡಬಹುದೋ ಇಲ್ಲವೋ ಎಂದು ಹಾಲ್ವರ್ ಹೇಳುವ ತನಕ ಅವನನ್ನು ಬಿಡಲೇ ಇಲ್ಲ. ಬಿಟ್ಟಾಗ ಆ ದಿನದ ಕೊನೆಯ ರೈಲು ಹೋಗಿತ್ತು. ಆಸ್ಲಾಕ್ ಆಸ್ಪತ್ರೆಗೆ ಸೇರಿದ ಆ ರಾತ್ರಿಯೇ, ಚಾಕು ಮುಟ್ಟುವ ಮೊದಲೇ ತೀರಿಕೊಂಡ.

ಸೋಮವಾರ ಮಧ್ಯಾಹ್ನ ಸಿಗ್ನೆ ಒಬ್ಬಳೇ ಮರಳಿದಳು. ಬಸ್ಸಿನ ಬಳಿಗೆ ನಾನು ಹೋಗಿದ್ದೆ. ಹಾಲ್ವರ್ ಬಂದಿರಲಿಲ್ಲ; ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದ. ಅವನು ಹಿಮದ ಬಗ್ಗೆ ಯೋಚಿಸುತ್ತಿದ್ದಾನೆಂದು ತಿಳಿದು, ಅವನ ಮನೆಯ ಮುಂದೆ ಊರಿನವರು ಮೆಲ್ಲಗೆ ಹೆಜ್ಜೆಯಿಟ್ಟು ಓಡಾಡುತ್ತಿದ್ದರು.

ಸಿಗ್ನೆ ಕೈಯಲ್ಲಿ ಆಸ್ಲಾಕನ ಚೀಲವಿತ್ತು. ನಾನು ತೆಗೆದುಕೊಂಡೆ. ಅರ್ಧ ದಾರಿ ನಡೆದೆವು. ಆಮೇಲೆ ತಾನಾಗಿ ಹೇಳಿದಳು.

"ಬಸ್ಸು ಹೊರಟಾಗ ಭಾವ ಹಿಂದೆ ತಿರುಗಿ ನೋಡಿದ್ರು. ಇದೇನು, ಇಷ್ಟು ಜನ ಯಾಕೆ ಓಡ್ತಿದಾರೆ ಅಂದ್ರು. ಮುಂದೆ ಇರೋದು ನಿಮ್ಮ ತಮ್ಮ, ನಿಮ್ಮ ಹತ್ರ ಬರ್ತಿದಾನೆ ಅಂದೆ."

"ಏನಂದ?"

"ನಕ್ಕರು. ನೀನು ಇನ್ನೂ ಅವನನ್ನ ಅರ್ಥ ಮಾಡ್ಕೊಂಡಿಲ್ಲ ಸಿಗ್ನೆ, ಅಷ್ಟು ಜೋರಾಗಿ ಹೋಗ್ತಿದಾನೆ ಅಂದ್ರೆ ಅವನು ಯಾರ ಹತ್ರಾನೂ ಬರ್ತಿಲ್ಲ, ತಪ್ಪಿಸ್ಕೊಂಡು ಓಡ್ತಿದಾನೆ ಅಂದ್ರು." ಆಕೆ ನಿಂತು ಉಸಿರು ತೆಗೆದುಕೊಂಡಳು. "ಇಲ್ಲ ಭಾವ, ಸರಿಯಾಗಿ ನೋಡಿ, ಬರ್ತಿದಾನೆ ಅಂದೆ. ಅಷ್ಟರಲ್ಲಿ ತಿರುವು ಬಂತು. ತೋರಿಸಕ್ಕೆ ಏನೂ ಕಾಣ್ತಿರಲಿಲ್ಲ."